ಕಿರೀಟದ ತುದಿಯ ಒಂದು ಚಿಟಿಕೆ

ನಾನು ಒಂದು ಮರದ ಮುದ್ರೆ. ಹಲಸಿನ ಮರದ ತುಂಡು, ಅಂಗೈಯಷ್ಟು ಅಗಲ, ಬೆನ್ನಿಗೆ ದುಂಡನೆಯ ಒಂದು ಹಿಡಿಕೆ. ಮುಖದಲ್ಲಿ ಒಂದು ಕಿರೀಟ, ಕಿರೀಟದ ಕೆಳಗೆ ಇಂಗ್ಲಿಷಿನ ಮೂರಕ್ಷರ. ಇಷ್ಟನ್ನೇ ನೋಡಿ ಒಂದು ಕಾಲದಲ್ಲಿ ತೊರೆಗಜನಿಯ ಜನ ಗಡಗಡ ನಡುಗುತ್ತಿದ್ದರು ಎಂದರೆ ನೀವು ನಂಬಲಿಕ್ಕಿಲ್ಲ. ನಂಬದಿದ್ದರೆ ಬಿಡಿ. ಆದರೆ ಅವರೆಲ್ಲರಿಗಿಂತ ಹೆಚ್ಚು ಹೆದರುತ್ತಿದ್ದವನು ನಾನು ಎಂಬುದನ್ನು ಮಾತ್ರ ನಂಬಲೇಬೇಕು. ನಗಬೇಡಿ ಮತ್ತೆ. ನಾನು ಹುಟ್ಟಾ ಪುಕ್ಕಲ.

ಹುಟ್ಟಿದ್ದೇ ಹೆದರಿಕೆಯಲ್ಲಿ. ತಾಲೂಕು ಪೇಟೆಯ ಬಡಗಿ ದುರ್ಗಯ್ಯ ಆಚಾರಿ ನನ್ನನ್ನು ಕೆತ್ತಿದವನು. ಕಚೇರಿಯ ಸಿಪಾಯಿಯೊಬ್ಬ ಕಾಗದದಲ್ಲಿ ಬರೆದ ಚಿತ್ರ ತಂದು ಅವನ ಎದುರಿಗಿಟ್ಟು, ಕೆಲಸ ಮುಗಿಯುವ ತನಕ ಕದಲದೆ ಕೂತಿದ್ದ. ಆಚಾರಿಗೆ ಇಂಗ್ಲಿಷ್ ಬಾರದು. ಅಕ್ಷರಗಳನ್ನು ಬಳ್ಳಿ ಎಲೆ ಕೆತ್ತಿದ ಹಾಗೆಯೇ ಕೆತ್ತಿದ, ಅದೂ ಕನ್ನಡಿಯಲ್ಲಿ ಕಂಡಂತೆ ತಿರುಗಾ ಮುರುಗಾ. "ತಪ್ಪಿದ್ರೆ ಕೈ ಹೋಗ್ತದೆ ನೋಡು ಆಚಾರಿ" ಎಂದು ಸಿಪಾಯಿ ಎಲೆಯಡಿಕೆ ಜಗಿಯುತ್ತ ತಮಾಷೆ ಮಾಡಿದ. ಆಚಾರಿ ಅದನ್ನು ತಮಾಷೆ ಎಂದುಕೊಳ್ಳಲಿಲ್ಲ. ಉಳಿಯ ತುದಿ ನನ್ನ ಮೈಮೇಲೆ ನಡುಗಿದ್ದು ನನಗೆ ಇವತ್ತಿಗೂ ನೆನಪಿದೆ. ಹಿಡಿಕೆಯನ್ನು ಮಾತ್ರ ಅವನು ತನ್ನ ಮನಸ್ಸಿನಂತೆ ಮಾಡಿದ, ಯಾವ ಕಡೆಯಿಂದ ಹಿಡಿದರೂ ಕೈಗೆ ಹಿತವಾಗಲಿ ಎಂದು ದುಂಡಗೆ ಕಡೆದ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ ಪಾಪ.

ಅಲ್ಲಿಂದ ನನ್ನನ್ನು ಕಚೇರಿಯ ಕಪಾಟಿನಲ್ಲಿ ಇಟ್ಟರು. ಕತ್ತಲಲ್ಲಿ ನನ್ನ ಹಾಗಿನವರೇ ಕೆಲವರಿದ್ದರು. ಕಾಡಿನ ಮರಕ್ಕೆ ಗುರುತು ಹೊಡೆಯುವ ಕಬ್ಬಿಣದ ಸುತ್ತಿಗೆ, ಸಾರಾಯಿ ಪೀಪಾಯಿಗೆ ಅರಗಿನ ಮೇಲೆ ಒತ್ತುವ ಹಿತ್ತಾಳೆಯ ಮುದ್ರೆ, ಅಂಗಡಿಯವರ ತೂಕದ ಬಟ್ಟಿಗೆ ಒತ್ತುವ ಉಕ್ಕಿನ ಅಚ್ಚು. ಜಂಬವೋ ಜಂಬ!

"ನಾನು ಒಂದು ಏಟು ಕೊಟ್ಟರೆ ಮರ ಸರಕಾರದ್ದು. ಆಮೇಲೆ ಅದರ ಬುಡದಲ್ಲೇ ಹುಟ್ಟಿ ಬೆಳೆದವನು ಒಣಟೊಂಗೆ ಮುರಿದರೂ ಕಳ್ಳ" ಎಂದಿತು ಸುತ್ತಿಗೆ.

"ನನ್ನನ್ನು ಕೇಳದೆ ಒಬ್ಬನೂ ತೆಂಗಿನ ಮರದಿಂದ ಒಂದು ಕುಡಿಕೆ ಶೇಂದಿ ಇಳಿಸುವ ಹಾಗಿಲ್ಲ" ಎಂದಿತು ಹಿತ್ತಾಳೆ.

ನಾನು ಹೆದರುತ್ತಲೇ ಕೇಳಿದೆ: "ಈ ಸರಕಾರ ಅಂದರೆ ಯಾರು? ನೀವು ನೋಡಿದ್ದೀರಾ?"

ನೋಡಿದವರು ಒಬ್ಬರೂ ಇರಲಿಲ್ಲ. ಹಿತ್ತಾಳೆ, ಬೊಂಬಾಯಿಯಲ್ಲಿ ಇದೆಯಂತೆ ಎಂದಿತು. ಸುತ್ತಿಗೆ, ಅಲ್ಲ, ಅದಕ್ಕೂ ಆಚೆ, ಕಡಲಿನ ಆ ಕಡೆ ಒಬ್ಬಳು ರಾಣಿ ಇದ್ದಾಳೆ, ಅವಳದ್ದೇ ಈ ಕಿರೀಟ ಎಂದಿತು. ಅಷ್ಟು ದೂರ ಕೂತವಳಿಗೆ ಇಲ್ಲಿಯ ಮರ, ಇಲ್ಲಿಯ ಶೇಂದಿ ಯಾತಕ್ಕೆ ಎಂದು ಕೇಳಬೇಕೆನಿಸಿತು. ಧೈರ್ಯ ಸಾಲಲಿಲ್ಲ. ನೋಡಿದವರಿಲ್ಲದ ಒಂದು ವಸ್ತುವಿಗೆ ಎಲ್ಲರೂ ಹೆದರುತ್ತಾರೆ ಎಂದರೆ ಅದು ಬಹಳ ದೊಡ್ಡದೇ ಇರಬೇಕು ಎಂದುಕೊಂಡು ಮೂಲೆಗೆ ಒತ್ತಿಕೊಂಡೆ.

ಬೇಸಿಗೆ ಬಂದಾಗ ನನ್ನನ್ನು ತೊರೆಗಜನಿಯ ಉಪ್ಪಿನ ಚೌಕಿಗೆ ಕಳಿಸಿದರು. ಆಗ ಗೊತ್ತಾಯಿತು ನನ್ನ ಕೆಲಸ ಉಪ್ಪಿನದು ಎಂದು.

ತೊರೆಗಜನಿ ಎಂದರೆ ಕಡಲಿನ ಭರತದ ನೀರು ಹೊಳೆಯ ಮೂಲಕ ಒಳಗೆ ನುಗ್ಗುವ ಬಯಲು. ಆಗೇರರು ಅಲ್ಲಿ ತಲೆತಲಾಂತರದಿಂದ ಉಪ್ಪು ಮಾಡಿಕೊಂಡು ಬಂದವರು. ಮಣ್ಣನ್ನು ಕಾಲಲ್ಲಿ ತುಳಿದು ತುಳಿದು ಗಟ್ಟಿ ಮಾಡಿ, ಚೌಕ ಚೌಕ ಪಾತಿಯ ಆಗರ ಕಟ್ಟಿ, ಉಪ್ಪುನೀರು ಬಿಟ್ಟು ಬಿಸಿಲಿಗೆ ಕಾಯುವುದು. ನೀರು ಆರಿದ ಮೇಲೆ ಬೆಳ್ಳಗೆ ಕೂತ ಹರಳನ್ನು ಗೋರಿ, ದಂಡೆಯ ಮೇಲೆ ರಾಶಿ ಹಾಕುವುದು. ಕಡಲು ದೇವರದ್ದು, ಬಿಸಿಲು ದೇವರದ್ದು, ಕಾಲು ಆಗೇರರದ್ದು. ಉಪ್ಪು ಮಾತ್ರ ಸರಕಾರದ್ದು. ಅದು ಸರಕಾರದ್ದಾಗುತ್ತಿದ್ದುದು ನನ್ನಿಂದ.

ರಾಶಿಯ ಮೈಯನ್ನು ಹಲಗೆಯಿಂದ ತಟ್ಟಿ ನುಣುಪು ಮಾಡುತ್ತಿದ್ದರು. ಉಪ್ಪು ಇನ್ನೂ ಹಸಿಯಿರುವಾಗಲೇ ಸುತ್ತಲೂ ಅಲ್ಲಲ್ಲಿ ನನ್ನನ್ನು ಒತ್ತಿ, ಮೇಲೆ ಬೂದಿ ಉದುರಿಸುತ್ತಿದ್ದರು. ಬಿಳಿಯ ಮೈಮೇಲೆ ಕಿರೀಟ ಎದ್ದು ಕಾಣುತ್ತಿತ್ತು. ಆಮೇಲೆ ಯಾರೂ ಮುಟ್ಟುವ ಹಾಗಿಲ್ಲ. ಒಂದು ಹರಳು ತೆಗೆದರೂ ಗುರುತು ಕೆಡುತ್ತದೆ, ಗುರುತು ಕೆಟ್ಟರೆ ಆಗರ ಮಾಡಿದವನೇ ಕಳ್ಳ. ಹೊಟ್ಟೆಗೆ ಗಂಜಿ ಕುಡಿಯಲು ಉಪ್ಪು ಬೇಕಾದರೆ ಪೇಟೆಯ ಅಂಗಡಿಯಲ್ಲಿ ಸುಂಕ ಸೇರಿದ ಕ್ರಯ ಕೊಟ್ಟು, ತಾನೇ ಮಾಡಿದ ಉಪ್ಪನ್ನು ತಾನೇ ಕೊಂಡು ತರಬೇಕು. ಇದು ಕಾನೂನು. ಯಾರು ಮಾಡಿದ್ದು, ಯಾವಾಗ ಮಾಡಿದ್ದು ಗೊತ್ತಿಲ್ಲ, ತೊರೆಗಜನಿಯವರನ್ನು ಯಾರೂ ಕೇಳಿರಲಿಲ್ಲ.

ಅಲ್ಲಿ ನನ್ನ ಹೆಸರು ಛಾಪಾ. "ಛಾಪಾ ಬಂತು" ಎಂದರೆ ಸಾಕು, ಮಾತು ನಿಲ್ಲುತ್ತಿತ್ತು. ಮಕ್ಕಳು ಹಟ ಮಾಡಿದರೆ ತಾಯಂದಿರು "ಸುಮ್ಕಿರು, ಛಾಪಾಕ್ಕೆ ಕೊಟ್ಟುಬಿಡ್ತೆ" ಎನ್ನುತ್ತಿದ್ದರು. ಕೇಳಿ ನನಗೇ ಮೈ ಜುಂ ಎನ್ನುತ್ತಿತ್ತು.

ನನ್ನನ್ನು ಇಟ್ಟುಕೊಂಡಿದ್ದವರು ಚೌಕಿಯ ಕಾರಕೂನ ಮಂಗೇಶರಾಯರು. ಕೆಟ್ಟವರಲ್ಲ. ಬಿಸಿಲಲ್ಲಿ ದುಡಿಯುವವರನ್ನು ಕಂಡರೆ "ನೀರು ಕುಡಿದು ಬನ್ನಿರೋ" ಎನ್ನುವ ಜೀವ. ಆದರೆ ನನಗೆ ತಕ್ಕ ಯಜಮಾನ, ನನ್ನ ಹಾಗೆಯೇ ಪುಕ್ಕಲ. ಸಿಪಾಯಿ ವಿಠೋಬಾ ಎಲ್ಲಿ ಮೇಲಿನವರಿಗೆ ಚಾಡಿ ಹೇಳುತ್ತಾನೋ ಎಂದು ಅವರಿಗೆ ದಿಗಿಲು. ವಿಠೋಬಾನಿಗೆ ಉಪ್ಪಿನ ಖಾತೆಯ ಬಿಳಿ ಸಾಹೇಬನ ದಿಗಿಲು. ನನ್ನನ್ನು ಒಂದು ಕಟ್ಟಿಗೆಯ ಪೆಟ್ಟಿಗೆಯಲ್ಲಿಟ್ಟು, ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡು ರಾಯರು ತಿರುಗುತ್ತಿದ್ದರು. ಒತ್ತುವ ಮೊದಲು ನನ್ನನ್ನು ಅಂಗಾತ ತಿರುಗಿಸಿ, ಕಿರೀಟ ಯಾವ ಕಡೆ ಇದೆ ಎಂದು ನೋಡಿಕೊಂಡೇ ಒತ್ತುತ್ತಿದ್ದರು.

ಆ ವರ್ಷ ಮುದ್ರೆಯ ದಿನ ಸಾಹೇಬನೇ ಬಂದ. ಕೇಮು ಎಂಬ ಆಗೇರನ ರಾಶಿ ಎಲ್ಲರಿಗಿಂತ ದೊಡ್ಡದಾಗಿತ್ತು. ಕೇಮುವಿನ ಹೆಂಡತಿ ಹೊನ್ನಿ ಹಸುಗೂಸನ್ನು ದಂಡೆಯ ಮೇಲೆ ಹಳೇ ಸೀರೆಯ ಜೋಲಿಯಲ್ಲಿ ಮಲಗಿಸಿದ್ದಳು. ಹೆಣ್ಣುಮಗು, ಮಂಕಾಳಿ ಎಂದು ಹೆಸರು. ರಾಶಿ ಸರಿಯಾಗಿ ನುಣುಪಾಗಿಲ್ಲ ಎಂದು ಸಾಹೇಬ ಅರಚಿದ. ವಿಠೋಬಾ ಗಾಬರಿಯಾಗಿ ಹಲಗೆಯಿಂದ ದಬದಬ ಬಡಿದ. ಮಗು ಬೆಚ್ಚಿಬಿದ್ದು ಕಣ್ಣು ಬಿಟ್ಟದ್ದೂ, ರಾಯರು ನನ್ನನ್ನು ಎತ್ತಿ ಅದರ ಕಣ್ಣೆದುರೇ ರಾಶಿಗೆ ಒತ್ತಿದ್ದೂ ಒಟ್ಟಿಗೇ ಆಯಿತು. ಅದು ಕಿಟಾರನೆ ಕಿರುಚಿತು ನೋಡಿ! ಉಸಿರು ಕಟ್ಟಿ ತುಟಿ ನೀಲಿಯಾಯಿತು. ಹೊನ್ನಿ ಓಡಿ ಬಂದು ಎತ್ತಿಕೊಂಡಳು.

ಅಂದಿನಿಂದ ಮಗುವಿಗೆ ಜ್ವರ. ಹಾಲು ಹಿಡಿಯದು, ನಿದ್ದೆಯಲ್ಲಿ ಬೆಚ್ಚಿ ಬೆಚ್ಚಿ ಏಳುವುದು. ಕಷಾಯ ಮುಗಿಯಿತು, ಹರಕೆ ಮುಗಿಯಿತು. ಕೊನೆಗೆ ಊರಿನ ಮುದುಕಿಯರು ಇದು ಹೆದರಿಕೆ ಜ್ವರ ಎಂದರು. ಅದಕ್ಕೆ ಅವರಲ್ಲಿ ಒಂದು ಪದ್ಧತಿ. ಮಗು ಯಾವುದನ್ನು ಕಂಡು ಹೆದರಿತೋ ಅದರದ್ದೇ ಒಂದು ಚೂರು ತಂದು, ಮಗುವಿಗೆ ನಿವಾಳಿಸಿ ಒಲೆಗೆ ಹಾಕಬೇಕು. ನಾಯಿಗೆ ಹೆದರಿದರೆ ನಾಯಿಯ ಕೂದಲು, ಮನುಷ್ಯನಿಗೆ ಹೆದರಿದರೆ ಅವನ ಕಾಲಡಿಯ ಮಣ್ಣು.

ಮಂಕಾಳಿ ಹೆದರಿದ್ದು ನನಗೆ.

ಆಮೇಲೆ ಹೊನ್ನಿ ಏನು ಮಾಡಿದಳು ಎಂಬುದನ್ನು ನಾನು ಅವಳ ಬಾಯಿಂದಲೇ ಕೇಳಿದೆ. ಒಂದು ಮಧ್ಯಾಹ್ನ ವಿಠೋಬಾ ಏದುಸಿರು ಬಿಡುತ್ತ ಚೌಕಿಗೆ ಬಂದು, ಕೇಮುವಿನ ರಾಶಿಯ ಮುದ್ರೆ ಒಡೆದಿದೆ ಎಂದ. ಅಂದೇ ಸಾಹೇಬ ತಪಾಸಣೆಗೆ ಬರುವವನಿದ್ದ. ವಿಠೋಬಾ ಅವನನ್ನು ಎದುರುಗೊಳ್ಳಲು ದೋಣಿ ಕಟ್ಟುವ ಧಕ್ಕೆಗೆ ಓಡಿದ. ರಾಯರು ನನ್ನ ಪೆಟ್ಟಿಗೆಯನ್ನು ಬಗಲಲ್ಲಿ ಒತ್ತಿಕೊಂಡು ದಂಡೆಗೆ ಬಂದರು. ಕೇಮುವೂ ಹೊನ್ನಿಯೂ ರಾಶಿಯ ಪಕ್ಕ ನಿಂತಿದ್ದರು. ಮುದ್ರೆಯಲ್ಲಿ ಕಿರೀಟದ ತುದಿ ಇರಲಿಲ್ಲ. ಎರಡು ಬೆರಳು ಹೋಗುವಷ್ಟು ಒಂದು ಗುಳಿ, ಅಷ್ಟೇ.

"ಇದನ್ನು ಯಾರು ಮುಟ್ಟಿದ್ದು?" ಎಂದರು ರಾಯರು.

"ನಾನೇ ಒಡ್ಯಾ" ಎಂದಳು ಹೊನ್ನಿ. "ಕದಿಲಿಲ್ಲ. ಮಗೀನ ಹೆದ್ರಿಕೆ ತೆಗ್ಯೂಕೆ ಒಂದು ಚಿಟಿಕೆ ತಕಂಡೆ."

"ಅಯ್ಯೋ ನಿನ್ನ! ಇಷ್ಟು ದೊಡ್ಡ ರಾಶಿಯಲ್ಲಿ ನಿನಗೆ ಇದೇ ಜಾಗ ಸಿಕ್ಕಿತೇನೇ? ಹಿಂದಿನಿಂದ ತೆಗೆದಿದ್ದರೆ ಯಾರಿಗೆ ಗೊತ್ತಾಗ್ತಿತ್ತು?"

"ಹೆದರ್ಸಿದ್ದು ಛಾಪಾ ಅಲ್ರಾ? ಬೇರೆ ಕಡೀದು ತಕಂಡ್ರೆ ಹೆದ್ರಿಕೆ ಹೆಂಗೆ ಹೋಗ್ತದೆ ಒಡ್ಯಾ?"

ರಾಯರು ಹಣೆ ಹಣೆ ಬಡಿದುಕೊಂಡರು. "ಮಗು ಹೇಗಿದೆ?" ಎಂದು ಕೇಳಿದರು.

"ನಿನ್ನೆ ರಾತ್ರಿ ಹಾಲು ಕುಡೀತು."

ಕೇಮು ಹತ್ತಿರ ಬಂದು ಮೆಲ್ಲಗೆ ಹೇಳಿದ: "ರಾಯರೇ, ಛಾಪಾ ನಿಮ್ಮ ಕೈಲೇ ಅದೆ. ಒಂದ್ಸಲ ಒತ್ತಿಬಿಡಿ. ನೋಡೋರು ಯಾರೂ ಇಲ್ಲ. ನನ್ನ ಒಯ್ದ್ರೆ ಇವ್ಳು ಕೂಸು ಕಟ್ಕಂಡು ಎಲ್ಲಿಗೆ ಹೋಗೂದು?"

ಹೊಳೆಯ ತಿರುವಿನಲ್ಲಿ ಸಾಹೇಬನ ದೋಣಿಯ ಹಾಯಿ ಕಂಡಿತು. ರಾಯರು ಅದನ್ನು ನೋಡಿದರು, ಹೊನ್ನಿಯನ್ನು ನೋಡಿದರು, ಪೆಟ್ಟಿಗೆಯ ಬೀಗ ತೆಗೆದರು. ಒತ್ತಿ ರಾಯರೇ, ಒತ್ತಿಬಿಡಿ ಎಂದು ನಾನೂ ಮನಸ್ಸಿನಲ್ಲೇ ಗೋಗರೆದೆ. ಹೊನ್ನಿ ಗುಳಿಗೆ ಒಂದು ಹಿಡಿ ಉಪ್ಪು ತುಂಬಿ, ನೀರು ಚಿಮುಕಿಸಿ, ಹಳೇ ಗುರುತನ್ನೆಲ್ಲ ಅಂಗೈಯಿಂದ ಒರೆಸಿ ನುಣುಪು ಮಾಡಿದಳು. ರಾಯರ ಕೈ ಬೆವರಿತ್ತು. ಹಿಡಿಕೆ ಜಾರುತ್ತಿತ್ತು. ಅವರ ಕಣ್ಣು ನನ್ನ ಮೇಲಿರಲಿಲ್ಲ, ಹಾಯಿಯ ಮೇಲಿತ್ತು. ಗಟ್ಟಿಯಾಗಿ ಒತ್ತಿ, ಬೂದಿ ಉದುರಿಸಿ, ನನ್ನನ್ನು ಪೆಟ್ಟಿಗೆಗೆ ತುರುಕಿದರು. ಕೇಮು ಅವರ ಕಾಲು ಮುಟ್ಟಿದ. ನನಗೆ ಮಾತ್ರ ಗೊತ್ತಿತ್ತು. ಒತ್ತುವಾಗ ಕಿರೀಟ ಕೆಳಗಿತ್ತು.

ಕೂಗಬೇಕೆಂದರೆ ನನಗೆ ಬಾಯಿಲ್ಲ.

ಸಾಹೇಬ ದಂಡೆಯುದ್ದಕ್ಕೂ ನಡೆದು ಬಂದ. ಒಂದೊಂದೇ ರಾಶಿ ನೋಡಿದ. ಕೇಮುವಿನ ರಾಶಿಯ ಮುಂದೆ ನಿಂತ. ಪೆಟ್ಟಿಗೆಯ ಸಂದಿಯಿಂದ ನನಗೆ ಮೊದಲು ಕಂಡದ್ದು ಅವನ ಬೂಟು. ಅದು ಬಹಳ ಹೊತ್ತು ಕದಲಲಿಲ್ಲ. ರಾಣಿಯ ಕಿರೀಟ ತಲೆಕೆಳಗಾಗಿತ್ತು. ಉಪ್ಪು ಕದ್ದರೆ ಕಳ್ಳತನ. ಇದು ಅದಕ್ಕಿಂತ ಎಷ್ಟೋ ಮೇಲಿನದು. ಇದನ್ನು ನೋಡಿಯೂ ಬಿಟ್ಟರೆ ಮೇಲಿನವರು ತನ್ನನ್ನು ಏನು ಮಾಡುತ್ತಾರೋ ಎಂಬ ದಿಗಿಲು ಅವನಿಗೂ ಇತ್ತು.

"ಯಾರು ಮಾಡಿದ್ದು?" ಎಂದು ಮುರುಕು ಕನ್ನಡದಲ್ಲಿ ಕೇಳಿದ.

ರಾಯರು ಆಗ ನೋಡಿದರು. ಪೆಟ್ಟಿಗೆ ಅವರ ಬಗಲಲ್ಲಿ ತಟತಟ ಬಡಿಯತೊಡಗಿತು. ಆಮೇಲೆ ಅವರು ಇಂಗ್ಲಿಷಿನಲ್ಲಿ ಮಾತಾಡಿದರು. ಕಚೇರಿಯ ಕಪಾಟಿನಲ್ಲಿ ಕೇಳಿ ಕೇಳಿ ನನಗೆ ಆ ಭಾಷೆ ಅಷ್ಟಿಷ್ಟು ತಿಳಿಯುತ್ತಿತ್ತು. ಕೇಮುವಿಗೂ ಹೊನ್ನಿಗೂ ಒಂದು ಶಬ್ದವೂ ತಿಳಿಯದು. ರಾಯರು ತಮ್ಮ ಪರವಾಗಿ ಹೇಳುತ್ತಿದ್ದಾರೆ ಎಂದುಕೊಂಡು ಹೊನ್ನಿ ಮಾತು ಮಾತಿಗೂ ಕೈಮುಗಿಯುತ್ತಿದ್ದಳು. ಅವರು ಹೇಳಿದ್ದು ಇಷ್ಟು: "ನಾನು ಊಟಕ್ಕೆ ಕೂತಾಗ ಇವನು ಪೆಟ್ಟಿಗೆಯಿಂದ ಮುದ್ರೆ ಕದ್ದಿದ್ದಾನೆ ಸಾಹೇಬರೇ. ಅಕ್ಷರ ಗೊತ್ತಿಲ್ಲದವನು. ಮೇಲ್ಯಾವುದು ಕೆಳಗ್ಯಾವುದು ಎಂದು ತಿಳಿಯದೆ ಒತ್ತಿದ್ದಾನೆ."

ವಿಠೋಬಾ ಕೇಮುವಿನ ರಟ್ಟೆ ಹಿಡಿದ.

"ರಾಯರೇ" ಎಂದ ಕೇಮು, ಅರ್ಥವಾಗದೆ. "ಎಂತಾ ಹೇಳಿದ್ರಿ ಅವ್ರಿಗೆ?"

ರಾಯರು ತಲೆ ಎತ್ತಲಿಲ್ಲ. "ಹೋಗು ಕೇಮು. ಸುಮ್ಮನೆ ಹೋಗು" ಎಂದರು.

"ಒಡ್ಯಾ, ಒತ್ತಿದ್ದು ನೀವಲ್ರಾ! ಹೇಳಿ! ಒಂದು ಮಾತು ಹೇಳ್ರೋ!" ಹೊನ್ನಿ ಕೂಗುತ್ತ ದೋಣಿಯ ತನಕ ಓಡಿದಳು. ಕೆಸರಲ್ಲಿ ಬಿದ್ದಳು, ಎದ್ದಳು. ದೋಣಿ ಬಿಟ್ಟಿತು. ಅವತ್ತು ನನಗಾದ ಸಂಕಟವನ್ನು ಯಾರ ಹತ್ತಿರ ಹೇಳಲಿ?

ಕೋರ್ಟಿಗೆ ನನ್ನನ್ನೂ ಒಯ್ದರು. ಬಿಳಿ ಬಟ್ಟೆಯಲ್ಲಿ ಸುತ್ತಿ ಮೇಜಿನ ಮೇಲಿಟ್ಟು, ಎಲ್ಲರೂ ನೋಡುವಂತೆ ಬಿಚ್ಚಿದರು. ರಾಯರು ದೇವರ ಮೇಲೆ ಆಣೆ ಮಾಡಿ ಅದೇ ಮಾತನ್ನು ಹೇಳಿದರು. ದನಿ ಏಳುತ್ತಲೇ ಇರಲಿಲ್ಲ, ಗಟ್ಟಿಯಾಗಿ ಹೇಳಿ ಎಂದು ಮತ್ತೆ ಮತ್ತೆ ಹೇಳಿಸಿದರು. ಕೇಮುವನ್ನು ಕೇಳಿದಾಗ ಅವನು ಇದ್ದದ್ದು ಇದ್ದ ಹಾಗೆ ಹೇಳಿದ: "ನನ್ನ ಹೆಂಡ್ತಿ ಒಂದು ಚಿಟಿಕೆ ತಕಂಡದ್ದು ಹೌದು. ಛಾಪಾ ಒತ್ತಿದ್ದು ರಾಯರು."

"ಇಂಗ್ಲಿಷ್ ಕಲಿತ ಕಾರಕೂನ ಸರಕಾರದ ಕಿರೀಟವನ್ನು ತಲೆಕೆಳಗೆ ಒತ್ತುತ್ತಾನೆಯೇ?" ಎಂದು ಕೇಳಿದರು ನ್ಯಾಯ ಹೇಳುವವರು.

ಕೋರ್ಟಿನಲ್ಲಿ ಕೂತವರೆಲ್ಲ ನಕ್ಕರು. ಅಲ್ಲಿಗೆ ಮುಗಿಯಿತು. ಕೇಮು ನನ್ನ ಕಡೆಗೆ ಒಮ್ಮೆ ನೋಡಿದ. ಸಿಟ್ಟಿರಲಿಲ್ಲ ಆ ಕಣ್ಣಲ್ಲಿ. ಹೆದರಿಕೆ ಇತ್ತು, ಜೋಲಿಯಲ್ಲಿ ಆ ಮಗುವಿನ ಕಣ್ಣಲ್ಲಿ ಕಂಡದ್ದೇ ಹೆದರಿಕೆ.

ಅವನು ಜೈಲಿನಿಂದ ಮರಳಲಿಲ್ಲ. ಮಳೆಗಾಲದಲ್ಲಿ ಅಲ್ಲಿ ಹರಡಿದ ಜ್ವರದಲ್ಲಿ ಸತ್ತನೆಂದು ವಿಠೋಬಾ ಚೌಕಿಯಲ್ಲಿ ಹೇಳಿದಾಗ ರಾಯರು ಕೈಯಲ್ಲಿದ್ದ ಊಟದ ತುತ್ತನ್ನು ಬಾಳೆಯೆಲೆಯಲ್ಲೇ ಬಿಟ್ಟು ಎದ್ದರು. ಆಗರ ಬೇರೆಯವರ ಪಾಲಾಯಿತು. ಹೊನ್ನಿ ಅದೇ ಆಗರದಲ್ಲಿ ಕೂಲಿಗೆ ಉಪ್ಪು ಹೊತ್ತಳು. ಮಗು ಬದುಕಿತು, ನಡೆಯಲು ಕಲಿಯಿತು, ದಂಡೆಯ ಮೇಲೆ ಆಡುತ್ತಿತ್ತು. ನನ್ನನ್ನು ಕಂಡರೂ ಅಳುತ್ತಿರಲಿಲ್ಲ. ಹೆದರಿಕೆ ನಿಜವಾಗಿ ಹೋಗಿತ್ತು. ಹೊನ್ನಿ ಮಾತ್ರ ರಾಯರು ಎದುರಾದರೆ ದಾರಿ ಬಿಟ್ಟು ಕೆಸರಿಗೆ ಇಳಿದು ನಿಲ್ಲುತ್ತಿದ್ದಳು. ಒಂದು ಮಾತೂ ಆಡುತ್ತಿರಲಿಲ್ಲ. ಬೈದಿದ್ದರೆ ರಾಯರಿಗೆ ಎಷ್ಟೋ ಹಗುರವಾಗುತ್ತಿತ್ತು ಎಂದು ನನಗೆ ಅನ್ನಿಸುತ್ತಿತ್ತು. ಅವರ ಬಲಗೈ ಆಮೇಲೆ ನೆಟ್ಟಗೆ ನಿಲ್ಲಲೇ ಇಲ್ಲ. ನನ್ನನ್ನು ಎತ್ತಿದರೆ ಸಾಕು, ನಡುಗುವುದು. ಬೇಗನೆ ಕೆಲಸ ಬಿಟ್ಟು ಊರಿಗೆ ಹೋದರು. ಆಮೇಲೆ ಏನಾದರೋ ತಿಳಿಯದು.

ನಾನು ಕೈಯಿಂದ ಕೈಗೆ ಹೋದೆ. ರಾಣಿ ಸತ್ತಳಂತೆ, ರಾಜ ಬಂದನಂತೆ, ಅವನೂ ಹೋದನಂತೆ. ನನ್ನ ಕಿರೀಟಕ್ಕೆ ಏನೂ ಆಗಲಿಲ್ಲ. ನಡುವೆ ಒಂದು ಬೇಸಿಗೆ ಜನ ಹಾಡುತ್ತ ಬಂದು, ಪೊಲೀಸರ ಎದುರೇ ಕಡಲ ನೀರು ಕಾಸಿ ಉಪ್ಪು ಮಾಡಿದರು, ಏಟು ತಿಂದರು, ಜೈಲಿಗೂ ಹೋದರು. ನಾನು ಪೆಟ್ಟಿಗೆಯೊಳಗೆ ಮುದುಡಿ ಕೂತು ಆ ಗದ್ದಲ ಕೇಳುತ್ತಿದ್ದೆ. ಇಷ್ಟು ಜನಕ್ಕೆ ಒಟ್ಟಿಗೇ ಹೆದರಿಕೆ ಬಿಟ್ಟುಹೋದರೆ ನನ್ನ ಗತಿ ಏನು ಎಂದು ಹೆದರಿದೆ. ಸ್ವಾತಂತ್ರ್ಯ ಬಂತು. ಸುಂಕ ಹೋಯಿತು, ಚೌಕಿ ಮುಚ್ಚಿತು. ನನ್ನನ್ನು ಯಾರೂ ಒಡೆಯಲಿಲ್ಲ, ಸುಡಲಿಲ್ಲ. ಮರೆತರು, ಅಷ್ಟೇ. ಉಪ್ಪು ತಿಂದು ತಿಂದು ನನ್ನ ಮುಖ ಸವೆದಿತ್ತು, ಗೆದ್ದಲು ಒಂದು ಬದಿ ತಿಂದಿತ್ತು.

ಈಗ ನಾನಿರುವುದು ಉಪ್ಪು ತಯಾರಕರ ಸಂಘದ ಕೋಣೆಯಲ್ಲಿ, ಕಿಟಕಿಯ ಕಟ್ಟೆಯ ಮೇಲೆ. ಹಳೆಯ ಕಪಾಟು ಖಾಲಿ ಮಾಡುವಾಗ ಸಂಘದ ಹೊಸ ಕಾರ್ಯದರ್ಶಿಗೆ ಸಿಕ್ಕಿದೆ. ಓದಿದ ಹುಡುಗ, ಕುತೂಹಲದವನು. ಒರೆಸಿ, ಬೆಳಕಿಗೆ ಹಿಡಿದು, ಕೂಲಿಗೆ ಬಂದವರಿಗೆಲ್ಲ ತೋರಿಸುತ್ತಿದ್ದ.

"ಅಜ್ಜೀ, ಇದು ನೋಡು. ಬ್ರಿಟಿಷರ ಕಾಲದ ಛಾಪಾ" ಎಂದು ಒಬ್ಬ ಮುದುಕಿಯ ಮುಂದೆ ಹಿಡಿದ.

ಮುದುಕಿಯ ಕೈ ಉಪ್ಪಿನಿಂದ ಬಿರಿದಿತ್ತು. ಅವಳು ನನ್ನನ್ನು ತೆಗೆದುಕೊಳ್ಳಲಿಲ್ಲ. "ನಾನು ಕೇಮುನ ಮಗ್ಳು ಮಂಕಾಳಿ" ಎಂದಳು. ಆ ಹುಡುಗನಿಗೆ ಕೇಮು ಯಾರೆಂದು ಗೊತ್ತಿರಲಿಲ್ಲ. ನನಗೆ ಮಾತ್ರ ಜೀವ ಝಲ್ ಎಂದಿತು. ಎಸೆಯುತ್ತಾಳೆ, ಒಲೆಗೆ ಹಾಕುತ್ತಾಳೆ ಎಂದು ಕಾದೆ.

ಅವಳು ಮೆಲ್ಲಗೆ ಕೈ ಚಾಚಿದಳು. ನನ್ನನ್ನು ಅಂಗಾತ ಮಾಡಿ, ಸವೆದ ಮುಖದ ಮೇಲೆ ಹೆಬ್ಬೆರಳು ಆಡಿಸಿದಳು.

"ತಮಾ, ನೀ ಓದಿದವ. ಇದ್ರಲ್ಲಿ ಮೇಲೆ ಯಾವ್ದು, ಕೆಳಗೆ ಯಾವ್ದು, ಹೇಳು ನೋಡ್ವಾ."

ಹುಡುಗ ನನ್ನನ್ನು ತೆಗೆದುಕೊಂಡ. ಒಮ್ಮೆ ಹೀಗೆ ತಿರುಗಿಸಿದ, ಒಮ್ಮೆ ಹಾಗೆ ತಿರುಗಿಸಿದ. ಕನ್ನಡಕ ಸರಿಮಾಡಿಕೊಂಡು ಕಿಟಕಿಯ ಹತ್ತಿರ ಹೋಗಿ ನೋಡಿದ. ಹಿಡಿಕೆ ಮುಟ್ಟಿ ನೋಡಿದ, ಅದು ದುಂಡಗಿತ್ತು. ಕೊನೆಗೆ ನಾಚಿಕೆಯಿಂದ ನಕ್ಕ.

"ಗೊತ್ತಾಗೂದಿಲ್ಲ ಅಜ್ಜೀ."

"ನಿಂಗೂ ಗೊತ್ತಾಗೂದಿಲ್ಲ" ಎಂದಳು ಮಂಕಾಳಿ. "ಇದು ಗೊತ್ತಾಗ್ಲಿಲ್ಲ ಅಂತ್ಲೇ ನಮ್ಮಪ್ಪನ್ನ ಒಯ್ದದ್ದು."

ಅವಳು ಹುಡುಗನ ಕೈಯಿಂದ ನನ್ನನ್ನು ತೆಗೆದು ಕಿಟಕಿಯ ಕಟ್ಟೆಯ ಮೇಲೆ ಇಟ್ಟು, ಬುಟ್ಟಿ ಎತ್ತಿಕೊಂಡು ಆಗರಕ್ಕೆ ಇಳಿದುಹೋದಳು.